ನಮ್ಮ ಮಹಡಿಯ ಮೇಲೆ ನಿನ್ನ ಚಡ್ಡಿ

ಮಾದನಾಯಕನಹಳ್ಳಿ
9 ಜೂನ್ 2025

ಚಿರಂಜೀವಿಗೆ ಅಪ್ಪನ ಆಶೀರ್ವಾದ. ಆಶೀರ್ವಾದ ಅಂತ ಬರೆಯುವುದು ರೂಢಿ, ಅದಕ್ಕೆ ಬರೆದೆ. ಮನಸ್ಸಿನಲ್ಲಿರುವುದು ಬೇರೆ.

ಫೋನ್ ಮಾಡದೆ ಕಾಗದ ಯಾಕೆ ಅಂತೀಯ. ಫೋನ್ ಹಿಡಿದರೆ ನಿಮ್ಮಮ್ಮ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿ ಅಂತಾಳೆ. ವಾಟ್ಸಾಪ್ ತೆಗೆದರೆ ನಿನ್ನ ತಂಗಿ ಮಂಜುಶ್ರೀ ಇಣುಕುತ್ತಾಳೆ. ನಾನು ಹೇಳಬೇಕಾದದ್ದು ಹೆಣ್ಣುಮಕ್ಕಳ ಕಿವಿಗೆ ಬೀಳುವಂಥದ್ದಲ್ಲ. ಕೆಳಗಿನ ಗೋಡೌನಿನ ಟೆಂಪೋ ಓಡಿಸುವ ಕೃಷ್ಣಪ್ಪ ಬೆಳ್ಳಂದೂರಿನ ಕಡೆ ಲೋಡು ಒಯ್ಯುತ್ತಾನೆ, ನಿನ್ನ ಜಿಮ್ಮಿನಲ್ಲಿ ಇದನ್ನು ಕೊಡುತ್ತಾನೆ. ಉತ್ತರವನ್ನೂ ಅವನ ಕೈಲೇ ಕಳಿಸು.

ನಮ್ಮ ಮಹಡಿಯ ಮೇಲೆ ಜಾಹೀರಾತಿನ ಬೋರ್ಡು ನಿಲ್ಲಿಸಲು ಏಜೆನ್ಸಿಯವರಿಗೆ ದಸರಾ ಮುಗಿಯುವವರೆಗೆ ಬರೆದುಕೊಟ್ಟಿದ್ದು ನಿನಗೆ ಗೊತ್ತು. ಇಲ್ಲಿಯವರೆಗೆ ಸಿಮೆಂಟು ಬಂತು, ಅಡುಗೆ ಎಣ್ಣೆ ಬಂತು, ಒಂದು ಸಲ ಯಾರೋ ಹಲ್ಲಿನ ಡಾಕ್ಟರು ಬಂದರು. ಏನು ಹಾಕುತ್ತೀರಿ ಅಂತ ನಾನು ಒಂದು ದಿನವೂ ಕೇಳಿದವನಲ್ಲ. ಮೊನ್ನೆ ಗುರುವಾರ ಬೆಳಿಗ್ಗೆ ಹೊಸ ಫ್ಲೆಕ್ಸ್ ತಂದರು. ನಾನು ರಸ್ತೆಯಾಚೆ ರುದ್ರಮ್ಮನ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಆಂಜನೇಯ ದೇವಸ್ಥಾನದ ಕಮಿಟಿಯ ನರಸಿಂಹಯ್ಯ, ಇನ್ನೂ ನಾಲ್ಕು ಜನ. ಹುಡುಗರು ಫ್ಲೆಕ್ಸನ್ನು ಕೆಳಗಿನಿಂದ ಬಿಗಿಯುತ್ತಾ ಮೇಲಕ್ಕೆ ಹೋದರು. ಮೊದಲು ಪಾದ ಬಂತು, ಆಮೇಲೆ ಮಂಡಿ, ಆಮೇಲೆ ತೊಡೆ. ಆಮೇಲೆ ಒಂದು ಆಳು ಎತ್ತರದ ಕರೀ ಚಡ್ಡಿ.

"ಏನ್ ನಂಜಪ್ಪ, ನಿನ್ ಮನೆ ಮ್ಯಾಲೆ ಇಂಗೆ ಚಡ್ಡಿ ಒಣಾಕವ್ರೆ?" ಅಂದ ನರಸಿಂಹಯ್ಯ.

"ಯಾವನೋ ಹೇಳೋರು ಕೇಳೋರು ಇಲ್ದೋನು ಕಣಯ್ಯ," ಅಂದೆ ನಾನು. "ಇವನ್ನ ಎತ್ತೋರು ನೋಡಿದ್ರೆ ಬಾವಿಗೆ ಬೀಳ್ತಾರೆ."

ಎಲ್ಲರೂ ನಕ್ಕರು. ನನ್ನ ಮಾತಿಗೆ ನಾನೇ ಖುಷಿಪಟ್ಟು ಎಲ್ಲರಿಗೂ ಇನ್ನೊಂದು ಸುತ್ತು ಟೀ ಹೇಳಿದೆ. ಹೊಟ್ಟೆ ಬಂತು, ಎದೆ ಬಂತು, ಕೊನೆಯ ಹಗ್ಗ ಎಳೆದರು, ಮುಖ ಬಂತು.

ನಿನ್ನ ಮುಖ. ರುದ್ರಮ್ಮ ಒಳಗೆ ಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯಲು ಶುರುಮಾಡಿದಳು. ನರಸಿಂಹಯ್ಯ ಮಾತ್ರ ನನ್ನ ಭುಜ ಮುಟ್ಟಿ ಎದ್ದು ಹೋದ. ಅವನು ನಕ್ಕಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಅಸಹ್ಯ ಕಣೋ. ಬೇರೆ ಮಾತು ನನಗೆ ಸಿಗುತ್ತಿಲ್ಲ. ನಮ್ಮ ಮನೆಯ ಕೆಳಗೇ ಬಸ್ ಸ್ಟಾಪು, ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳೆಲ್ಲ ಅಲ್ಲೇ ನಿಲ್ಲುತ್ತಾರೆ, ತಲೆ ಎತ್ತಿದರೆ ನೀನು. ನಾನು ಈಗ ಹಿಂದಿನ ಗೇಟಿನಿಂದ ಓಡಾಡುತ್ತಿದ್ದೇನೆ. ಮೂರು ಬಿಟ್ಟವರು ಊರಿಗೆ ದೊಡ್ಡವರು ಅನ್ನುತ್ತಾರಲ್ಲ, ಆ ದೊಡ್ಡಸ್ತಿಕೆ ನಮ್ಮ ಮನೆಗೂ ಬಂತು. ಇಳಿಸಿ ಅಂದರೆ ಏಜೆನ್ಸಿಯವರು ಕರಾರು ತೋರಿಸುತ್ತಾರೆ. ನೀನು ಕಂಪನಿಯವರಿಗೆ ಹೇಳಿ ತೆಗೆಸು. ತೆಗೆಸುವವರೆಗೆ ಮನೆಗೆ ಬರಬೇಡ.

ನಿನ್ನ ಅಪ್ಪ
ನಂಜಪ್ಪ

*

ಬೆಳ್ಳಂದೂರು
17 ಜೂನ್ 2025

ಅಪ್ಪ,

ಕಾಗದ ತಲುಪಿತು. ಜಿಮ್ಮಿನ ರಿಸೆಪ್ಷನ್ ಹುಡುಗಿ ಯಾರೋ ಕೋರ್ಟ್ ನೋಟಿಸ್ ಕಳಿಸಿದ್ದಾರೆ ಅಂದುಕೊಂಡು ಹೆದರಿದ್ದಳು.

ಫ್ಲೆಕ್ಸ್ ಎಲ್ಲೆಲ್ಲಿ ಹಾಕುತ್ತಾರೆ ಅಂತ ಮಾಡೆಲ್‌ಗಳಿಗೆ ಹೇಳುವುದಿಲ್ಲ. ನಮ್ಮ ಮಹಡಿಗೇ ಬರುತ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ತೆಗೆಸು ಅಂದರೆ ತೆಗೆಸಲು ನಾನು ಯಾರೂ ಅಲ್ಲ. ಅದರಲ್ಲಿ ನನ್ನ ಹೆಸರು ಕೂಡ ಇಲ್ಲ, ಚಡ್ಡಿಯ ಹೆಸರು ಮಾತ್ರ ಇದೆ.

ಹೆಣ್ಣುಮಕ್ಕಳ ಕಿವಿಗೆ ಬೀಳಬಾರದ ವಿಷಯ ಅಂತ ಬರೆದಿದ್ದೀರಿ. ನಮ್ಮ ಹಾಲ್‌ನಲ್ಲಿ ತಾತನ ಫೋಟೋ ಇದೆಯಲ್ಲ, ಅದರಲ್ಲಿ ತಾತ ಹಾಕಿಕೊಂಡಿರುವುದು ಒಂದು ಗೇಣು ಲಂಗೋಟಿ. ಅದಕ್ಕೆ ಗಂಧದ ಹಾರ. ಬಂದವರಿಗೆಲ್ಲ "ನಮ್ಮಪ್ಪ, ಪೈಲ್ವಾನ್ ಮುನಿಯಪ್ಪ" ಅಂತ ತೋರಿಸುತ್ತೀರಿ. ಅಮ್ಮ ಅದಕ್ಕೆ ದಿನಾ ಊದುಬತ್ತಿ ಬೆಳಗುತ್ತಾಳೆ. ಅದು ಗೌರವ, ನನ್ನದು ಅಸಹ್ಯ. ಯಾಕೆ ಅಂತ ಕೇಳಬಹುದಾ?

ಈ ಮೈ ನನಗೆ ಸುಮ್ಮನೆ ಬರಲಿಲ್ಲ ಅಪ್ಪ. ನೀವು ನನ್ನನ್ನು ಡುಮ್ಮ ಅಂತ ಕರೆಯುತ್ತಿದ್ದಿರಿ. ಸ್ಕೂಲಿನಲ್ಲಿ ಹುಡುಗರು ಆಂಟಿ ಅನ್ನುತ್ತಿದ್ದರು. ಹಿಂದಿನಿಂದ ಬಂದು ಎದೆ ಹಿಂಡಿ ಓಡುತ್ತಿದ್ದರು. ಎದೆ ಅಲುಗದಿರಲಿ ಅಂತ ಒಂಬತ್ತನೇ ಕ್ಲಾಸಿನಲ್ಲಿ ಎರಡು ಬನಿಯನ್ ಒಂದರ ಮೇಲೊಂದು ಹಾಕುತ್ತಿದ್ದೆ, ಒಳಗಿನದು ಚಿಕ್ಕ ಸೈಜು. ಪಿ.ಟಿ. ಪೀರಿಯಡ್‌ನಲ್ಲಿ ಉಸಿರು ಕಟ್ಟುತ್ತಿತ್ತು. ಇವತ್ತು ನನ್ನನ್ನು ಅಂಗಿ ಬಿಚ್ಚಿ ನಿಲ್ಲು ಅಂತ ಕರೆದು ಕೆಲಸ ಕೊಡುತ್ತಾರೆ. ನನಗೆ ಅದು ನಾಚಿಕೆ ಅಲ್ಲ.

ಆಗಸ್ಟ್‌ನಲ್ಲಿ ಇದೇ ಕಂಪನಿಯ ಇನ್ನೊಂದು ಶೂಟ್ ಇದೆ. ಮೈ ಇನ್ನೂ ಒಣಗಬೇಕು ಅಂದಿದ್ದಾರೆ, ಒಂದೊಂದು ನರವೂ ಕಾಣಬೇಕಂತೆ. ಅದು ಸರಿಹೋದರೆ ಮುಂದಿನ ವರ್ಷ ಪೂರ್ತಿ ನಾನೇ. ಅಲ್ಲಿಯವರೆಗೆ ಮನೆಗೆ ಬರುವ ಆಲೋಚನೆ ನನಗೂ ಇರಲಿಲ್ಲ. ಬಂದರೆ ಅಮ್ಮ ತಿನ್ನಿಸುತ್ತಾಳೆ.

ಚಿರು

*

ಮಾದನಾಯಕನಹಳ್ಳಿ
26 ಜೂನ್ 2025

ಚಿರಂಜೀವಿ,

ಸತ್ತವರನ್ನು ಎಳೆದು ತಂದಿದ್ದಕ್ಕೆ ಈ ಉತ್ತರ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ನಮ್ಮಪ್ಪ ಲಂಗೋಟಿ ಕಟ್ಟುತ್ತಿದ್ದದ್ದು ಗರಡಿಯ ಮಣ್ಣಿಗೆ ಇಳಿಯುವಾಗ. ಆಂಜನೇಯನಿಗೆ ಕೈಮುಗಿದು ಕಟ್ಟಬೇಕು, ಕುಸ್ತಿ ಮುಗಿದ ಮೇಲೆ ತಾನೇ ಒಗೆದು ಬೇವಿನ ಕೊಂಬೆಗೆ ಹಾಕಬೇಕು. ಇನ್ನೊಬ್ಬರ ಕೈಗೆ ಕೊಡುವಂತಿರಲಿಲ್ಲ, ನಮ್ಮವ್ವನ ಕೈಗೂ. ಎದುರಾಳಿ ಹಿಡಿಯಬಾರದ ಜಾಗ ಹಿಡಿಯದಿರಲಿ ಅಂತ ಅದನ್ನು ಬಿಗಿಯುತ್ತಿದ್ದರೇ ಹೊರತು ತೋರಿಸುವುದಕ್ಕಲ್ಲ. ನಿನ್ನದನ್ನು ಹೊಲಿದಿರುವುದೇ ತೋರಿಸಲಿಕ್ಕೆ. ಆ ಮುಂಭಾಗದ ಉಬ್ಬು ನೋಡಿದರೆ ನನಗೆ ತಿಂದದ್ದು ಬಾಯಿಗೆ ಬರುತ್ತದೆ. ಅಪ್ಪನಾದವನು ಮಗನಿಗೆ ಇಂಥದ್ದನ್ನು ಬರೆಯುವಂತಾಯಿತಲ್ಲ ಅಂತ ಇನ್ನೂ ಅಸಹ್ಯವಾಗುತ್ತದೆ.

ಇನ್ನೊಂದು ಮಾತು. ಆ ಫೋಟೋವನ್ನು ಸರಿಯಾಗಿ ನೋಡು. ನಮ್ಮಪ್ಪನಿಗೆ ಹೊಟ್ಟೆ ಇತ್ತು, ರಾಗಿ ತುಂಬಿದ ಕಣಜದ ಹಾಗೆ. ಅವರನ್ನು ಕೆಡವಿದವನು ನಾಲ್ಕು ಹೋಬಳಿಯಲ್ಲಿ ಇರಲಿಲ್ಲ. ಆ ಹೊಟ್ಟೆ ನೋಡಿ, ಇದು ಉಣ್ಣುವ ಮನೆ ಅಂತ ಹೆಣ್ಣು ಕೊಟ್ಟರು. ನಿನ್ನ ಹೊಟ್ಟೆಯ ಮೇಲೆ ಎಣಿಸಿದ ಹಾಗೆ ಗಂಟು ಗಂಟು. ನಮ್ಮ ಕಾಲದಲ್ಲಿ ಹಾಗೆ ಕಾಣುತ್ತಿದ್ದವರು ಬರಗಾಲದಲ್ಲಿ ಗುಳೆ ಬಂದವರು. ಅವರನ್ನು ಕರೆದು ಅಂಬಲಿ ಕೊಡುತ್ತಿದ್ದೆವು, ಫೋಟೋ ಹಿಡಿಯುತ್ತಿರಲಿಲ್ಲ.

ನನ್ನ ಕಾಲಕ್ಕೆ ಪಟ್ಟಾಪಟ್ಟಿ ಚಡ್ಡಿ, ಲಾಡಿ ಹಾಕಿದ್ದು, ಮಂಡಿಯವರೆಗೆ. ಹೊಲದಲ್ಲಿ ಪಂಚೆ ಎತ್ತಿ ಕಟ್ಟಿದರೆ ಅಂಚು ಕಾಣುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಮದುವೆಗೆ ನಿನ್ನ ಸೋದರಮಾವ ಬಾಲಾಜಿ ಚಿಕ್ಕಪೇಟೆಯಿಂದ ಎಲಾಸ್ಟಿಕ್ ಚಡ್ಡಿ ತಂದುಕೊಟ್ಟ, ಈಗ ಎಲ್ಲರೂ ಇದೇ ಹಾಕುವುದು ಭಾವ ಅಂತ. ಹಸೆಮಣೆಯ ಮೇಲೆ ಕೂತವನಿಗೆ ಸೊಂಟ ಕಡಿದು ಕಡಿದು, ಧಾರೆಯ ಹೊತ್ತಿಗೆ ಪುರೋಹಿತರು, ನೆಟ್ಟಗೆ ಕೂತ್ಕೊಳ್ಳಪ್ಪ ಅಂತ ಗದರಿದರು. ಈಗಿನವರು ಆ ಎಲಾಸ್ಟಿಕ್ ಮೇಲೇ ಕಂಪನಿಯ ಹೆಸರು ಬರೆಸಿಕೊಂಡು ಪ್ಯಾಂಟಿನಿಂದ ಆಚೆ ಬಿಟ್ಟುಕೊಂಡು ತಿರುಗುತ್ತಾರೆ. ಒಳಗೆ ಹಾಕುವ ಬಟ್ಟೆಗೆ ಹೆಸರು ಯಾಕೋ? ಯಾರಿಗೆ ಓದಿಸಬೇಕು ಅದನ್ನು?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ನಮ್ಮವರು ಹೇಳಿದ್ದು ಉಡುವ ಬಟ್ಟೆಯ ಮಾತು. ನೀನು ಊಟವನ್ನೂ ಪರರಿಚ್ಛೆಗೆ ಬಿಟ್ಟೆ. ಅದೂ ಯಾರ ಇಚ್ಛೆಗೆ, ಚಡ್ಡಿ ಮಾರುವವರ ಇಚ್ಛೆಗೆ.

ಡುಮ್ಮ ಅಂದದ್ದು ಪ್ರೀತಿಗೆ. ನಮ್ಮ ಮನೆಯಲ್ಲಿ ಅದು ಬೈಗುಳವಾಗಿರಲಿಲ್ಲ. ಬನಿಯನ್ ವಿಷಯ ನನಗೆ ಗೊತ್ತಿರಲಿಲ್ಲ. ಆ ಹುಡುಗರು ಯಾರ ಮಕ್ಕಳು ಅಂತ ಆವಾಗಲೇ ಹೇಳಿದ್ದರೆ ನಾನು ವಿಚಾರಿಸಿಕೊಳ್ಳುತ್ತಿದ್ದೆ.

ನಂಜಪ್ಪ

*

ಮಾದನಾಯಕನಹಳ್ಳಿ
13 ಜುಲೈ 2025

ನನ್ನ ಮಗ ಚಿರುಗೆ,

ನಿಮ್ಮಪ್ಪನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ನಿನ್ನ ಕಾಗದ ಸಿಕ್ಕಿತು. ಹೆಣ್ಣುಮಕ್ಕಳ ಕಿವಿಗೆ ಬೀಳಬಾರದ ವಿಷಯವಂತೆ. ಈ ಮನೆಗೆ ಬಂದಾಗಿನಿಂದ ಎಲ್ಲರ ಚಡ್ಡಿ ಒಗೆದವಳು ನಾನು. ಯಾರದ್ದು ಎಲ್ಲಿ ಹರಿದಿದೆ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ.

ನೀನು ಹೈಸ್ಕೂಲಿಗೆ ಹೋಗುವಾಗ ದಿನಾ ಎರಡು ಬನಿಯನ್ ಒಗೆಯಲು ಬೀಳುತ್ತಿತ್ತು. ಬೆವರು ಜಾಸ್ತಿ, ಮಧ್ಯೆ ಬದಲಾಯಿಸುತ್ತಾನೆ ಅಂದುಕೊಂಡಿದ್ದೆ. ಚಿಕ್ಕದಾಯಿತು ಅಂತ ಒಂದನ್ನು ಒರೆಸುವ ಬಟ್ಟೆ ಮಾಡಿದರೆ ನೀನು ಅವತ್ತು ಊಟ ಬಿಟ್ಟು ಅತ್ತೆ. ಯಾಕೆ ಅಂತ ನಾನು ಕೇಳಿದೆ, ನೀನು ಹೇಳಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಒಲೆಯ ಮುಂದೆ ಕೂತು ತುಂಬಾ ಹೊತ್ತು ಆ ಹುಡುಗರಿಗೆ ಶಾಪ ಹಾಕಿದೆ.

ನಿಮ್ಮಪ್ಪನಿಗೆ ಬಿಚ್ಚುವುದು ಅಸಹ್ಯ. ಮುಚ್ಚುವುದರಲ್ಲಿ ಎಷ್ಟು ಅಸಹ್ಯ ಇದೆ ಅಂತ ಅವರಿಗೆ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ ನಿಮ್ಮಜ್ಜಿ ಹೇಳಿದ ಮೊದಲ ಮಾತು, ಬಾಡಿ, ಒಳಚಡ್ಡಿ ಗಂಡಸರ ಕಣ್ಣಿಗೆ ಬೀಳಬಾರದು ಅಂತ. ಅವರು ಹುಟ್ಟಿ ಸಾಯುವವರೆಗೆ ಗಂಟು ಕಟ್ಟುವ ರವಿಕೆ ಬಿಟ್ಟು ಏನೂ ಹಾಕಿದವರಲ್ಲ. ನಾನು ಬಾಡಿ ಹಾಕುವುದೇ ಅವರಿಗೆ ವಯ್ಯಾರವಾಗಿ ಕಾಣುತ್ತಿತ್ತು. ಅದಕ್ಕೆ ಹಿತ್ತಲಲ್ಲಿ ಲಂಗದ ಅಡಿಯಲ್ಲಿ, ಲಂಗದ ಮೇಲೆ ಸೀರೆ ಹಾಕಿ ಒಣಗಿಸುವುದು. ಅದೆಲ್ಲಿ ಒಣಗುತ್ತದೆ? ಮಳೆಗಾಲದಲ್ಲಿ ಹಸಿಹಸಿಯಾದದ್ದನ್ನೇ, ಮುಗ್ಗಲು ವಾಸನೆ ಬರುವುದನ್ನೇ ಹಾಕಿಕೊಳ್ಳಬೇಕು. ಎದೆಯ ಕೆಳಗೆ, ತೊಡೆಸಂದಿಯಲ್ಲಿ ಹುಣ್ಣು, ಕೆರೆದರೆ ರಸಿಗೆ. ಯಾರಿಗೆ ಹೇಳುವುದು? ನೀನು ಹುಟ್ಟಿದಾಗ ಆಸ್ಪತ್ರೆಯ ಲೇಡಿ ಡಾಕ್ಟರು ನೋಡಿ, "ಏನಮ್ಮ ಇದು, ಬಿಸಿಲಿಗೆ ಒಣಗಿಸಿದ್ದನ್ನ ಹಾಕ್ಕೊಳಲ್ವಾ?" ಅಂತ ಎಲ್ಲರ ಮುಂದೆ ಬೈದರು. ಆಯಿತು ಮೇಡಂ ಅಂದೆ. ಮನೆಗೆ ಬಂದು ಮತ್ತೆ ಸೀರೆಯ ಅಡಿಗೇ ಹಾಕಿದೆ. ನಿಮ್ಮಜ್ಜಿ ಹೋದ ಮೇಲೂ ಅಷ್ಟೇ. ಮಹಡಿಯಲ್ಲಿ ಹಾಕೋಣ ಅಂದರೆ ಬಸ್ಸಿನವರು, ಲಾರಿಯವರು, ಫ್ಲೈಓವರ್ ಮೇಲೆ ಹೋಗುವವರು, ಎಲ್ಲರ ಕಣ್ಣೂ ಇಲ್ಲೇ.

ಈ ಸಲದ ಫ್ಲೆಕ್ಸ್ ಮುಂಚಿನವುಗಳ ಎರಡರಷ್ಟಿದೆ, ಮಹಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ. ಹಿಂದುಗಡೆ ನಿಂತರೆ ಬರೀ ಬಿಳಿ. ರಸ್ತೆಯಿಂದ ಒಂದು ನರಪಿಳ್ಳೆಗೂ ನಾನು ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲು ಹಿತ್ತಲ ಕಡೆಯಿಂದ ಚೆನ್ನಾಗಿ ಬರುತ್ತದೆ. ಹೋದ ತಿಂಗಳಿನಿಂದ ನನ್ನ ಒಳಬಟ್ಟೆ, ನಿನ್ನ ತಂಗಿಯದು, ಎಲ್ಲ ಅಲ್ಲೇ ತಂತಿಯ ಮೇಲೆ ಹರವಿ ಒಣಗಿಸುತ್ತಿದ್ದೇನೆ. ಗರಿಗರಿ ಅನ್ನುತ್ತವೆ. ಈ ವಯಸ್ಸಿಗೆ ನನಗೆ ಕಡಿತ ನಿಂತಿದೆ. ನಿಮ್ಮಪ್ಪ ಮಹಡಿ ಹತ್ತುವುದನ್ನೇ ಬಿಟ್ಟಿದ್ದಾರೆ, ಅದೂ ಒಳ್ಳೆಯದಾಯಿತು.

ಆದರೆ ಮೊನ್ನೆ ಬಸ್ ಸ್ಟಾಪಿನಲ್ಲಿ ನಿಂತು ನಿನ್ನನ್ನು ಎದುರಿನಿಂದ ನೋಡಿದೆ. ನಿನ್ನ ಮೈ ನೋಡಿ ನನಗೆ ನಾಚಿಕೆ ಆಗಲಿಲ್ಲ, ಹೆತ್ತ ಮೈ. ನಿನ್ನ ಕಣ್ಣು ನೋಡಿ, ಬಂದ ಬಸ್ಸು ಹತ್ತದೆ ಮನೆಗೆ ವಾಪಸ್ ಬಂದೆ. ಹಸಿದವರ ಕಣ್ಣು ನನಗೆ ಗೊತ್ತು ಕಂದ. ಫೋಟೋದಲ್ಲಿ ಬೇರೆಲ್ಲ ತಿದ್ದಿದವರು ಅದನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಇನ್ನೂ ಒಣಗಬೇಕು ಅಂದರೆ ಏನು? ಏನು ತಿನ್ನುತ್ತೀಯ, ಏನು ಕುಡಿಯುತ್ತೀಯ? ಉಚ್ಚೆ ಸರಿಯಾಗಿ ಹೋಗುತ್ತಿದೆಯಾ? ಇದನ್ನು ನಾನು ಕೇಳಬಹುದು. ನಿಜ ಬರಿ.

ನಿನ್ನ ಅಮ್ಮ
ಭಾಗ್ಯಮ್ಮ

*

ಬೆಳ್ಳಂದೂರು
27 ಜುಲೈ 2025

ಅಮ್ಮ,

ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಅಪ್ಪನಿಗೆ ಹೇಳಬೇಡ. ಆಣೆ ಇಟ್ಟು ಕೇಳುತ್ತಿದ್ದೇನೆ.

ಒಣಗುವುದು ಅಂದರೆ ಚರ್ಮದ ಕೆಳಗಿನ ನೀರು ತೆಗೆಯುವುದು. ಮೊದಲು ಉಪ್ಪು ಬಿಡಬೇಕು. ಆಮೇಲೆ ನೀರು ದಿನದಿನಕ್ಕೆ ಕಡಿಮೆ ಮಾಡುತ್ತಾ ಬರಬೇಕು. ಉಚ್ಚೆ ಜಾಸ್ತಿ ಹೋಗುವ ಮಾತ್ರೆ ಇದೆ, ನನಗಿಂತ ಮುಂಚೆ ಈ ಕೆಲಸ ಮಾಡಿದವನು ಕೊಟ್ಟ. ಕೊನೆಯ ದಿನ ಬಾಯಿ ಮುಕ್ಕಳಿಸಿ ಉಗಿಯುವುದು, ಅಷ್ಟೇ. ಆಗ ಚರ್ಮ ಮಾಂಸಕ್ಕೆ ಅಂಟಿಕೊಂಡು ಎಲ್ಲ ಗೆರೆಗೆರೆಯಾಗಿ ಕಾಣುತ್ತದೆ. ನಾಲಿಗೆ ಬಾಯಲ್ಲಿ ಚಪ್ಪಲಿಯ ಹಾಗೆ ಬಿದ್ದಿರುತ್ತದೆ.

ಹೋದ ಸಲ ಶೂಟ್‌ನಲ್ಲಿ ಒಬ್ಬ ಟ್ರಿಮ್ಮರ್ ಹಿಡಿದು ನನ್ನ ಮೈಯೆಲ್ಲ ಬೋಳಿಸಿದ, ಫೋನಿನಲ್ಲಿ ಮಾತಾಡಿಕೊಂಡೇ. ಪುಕ್ಕ ಕಿತ್ತ ಕೋಳಿಯ ಹಾಗಾದೆ. ಆಮೇಲೆ ಎಣ್ಣೆ. ಆಮೇಲೆ ಕ್ಯಾಮೆರಾದವನು, ಮುಂದುಗಡೆ ಫ್ಲಾಟ್ ಕಾಣ್ತಿದೆ ಅಂದ. ಒಬ್ಬಳು ಹುಡುಗಿ ಹತ್ತಿಯ ಪ್ಯಾಡ್ ತಂದು, "ಸಾರಿ ಬ್ರೋ, ಇದು ಇಟ್ಕೊಳಿ" ಅಂದಳು. ಇಟ್ಟುಕೊಂಡೆ. ಐದಾರು ಜನ ಸುತ್ತ ನಿಂತು ನನ್ನ ಚಡ್ಡಿ ನೋಡುತ್ತಾ, ಸ್ವಲ್ಪ ಎಡಕ್ಕೆ, ಬೇಡ ಬಲಕ್ಕೆ ಅಂತ ಮಾತಾಡಿಕೊಂಡರು. ಟೀ ಕುಡಿಯುತ್ತಾ. ಅಪ್ಪನಿಗೆ ವಾಕರಿಕೆ ತರಿಸಿದ ಆ ಉಬ್ಬು ಇದೆಯಲ್ಲ, ಅದು ನನ್ನದಲ್ಲಮ್ಮ, ಹತ್ತಿ. ಅದಾದ ಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ, ಹಳದಿ ನೀರು ಮಾತ್ರ ಬಂತು.

ಅಷ್ಟು ಮಾಡಿದ ಮೇಲೂ ಅವರಿಗೆ ಸಾಕಾಗಲಿಲ್ಲ. ಕಂಪ್ಯೂಟರ್‌ನಲ್ಲಿ ಭುಜ ಅಗಲ ಮಾಡಿದ್ದಾರೆ, ತೊಡೆ ದಪ್ಪ ಮಾಡಿದ್ದಾರೆ. ಹೊಕ್ಕುಳ ಕೂಡ ಜರುಗಿಸಿದ್ದಾರೆ. ನಿಜ ಹೇಳಲಾ? ಆ ಫ್ಲೆಕ್ಸಿನ ಆಸಾಮಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡರೆ ಹೇಸಿಗೆ. ಇವತ್ತಿಗೂ ಎರಡು ಬನಿಯನ್ ಹಾಕಿದ ಆ ಹುಡುಗನೇ ಕಾಣುತ್ತಾನೆ.

ಉಚ್ಚೆ ಟೀ ಡಿಕಾಕ್ಷನ್ ಬಣ್ಣಕ್ಕೆ ಹೋಗುತ್ತಿದೆ. ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವೆ. ಎಲ್ಲರಿಗೂ ಹಾಗೇ ಆಗುತ್ತಂತೆ. ಶೂಟ್ ಆಗಸ್ಟ್ ಒಂಬತ್ತಕ್ಕೆ. ಅದು ಮುಗಿದ ದಿನವೇ ಬರುತ್ತೇನೆ. ಮುದ್ದೆ, ಉಪ್ಪುಸಾರು ಮಾಡಿರು. ಉಪ್ಪು ಜಾಸ್ತಿ ಹಾಕು. ಅದನ್ನೇ ನೆನೆಸಿಕೊಂಡು ದಿನ ತಳ್ಳುತ್ತಿದ್ದೇನೆ.

ನಿನ್ನ
ಚಿರು

*

ಆಸ್ಪತ್ರೆ, ಬೆಳ್ಳಂದೂರು
12 ಆಗಸ್ಟ್ 2025

ಮಗನೇ,

ನೀನು ಒಳಗೆ ಐ.ಸಿ.ಯು.ನಲ್ಲಿದ್ದೀಯ, ನಾನು ಹೊರಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಸಲ ಒಳಗೆ ಬಿಡುತ್ತಾರೆ. ನೀನು ಕಣ್ಣು ಬಿಡುತ್ತೀಯ, ಗುರುತು ಹಿಡಿಯುತ್ತೀಯ, ನನಗೆ ಬಾಯಿಂದ ಮಾತು ಹೊರಡುವುದಿಲ್ಲ. ಅದಕ್ಕೆ ಮತ್ತೆ ಕಾಗದವೇ.

ಶೂಟ್ ಶುರುವಾಗುವ ಮುಂಚೆ ಸ್ಟುಡಿಯೋ ಬಾತ್‌ರೂಮಿನಲ್ಲಿ ಬಿದ್ದಿದ್ದೆಯಂತೆ. ಬಾಗಿಲು ಒಡೆದು ತಂದರಂತೆ. ತಂದವರು ಇಲ್ಲಿ ಬಿಟ್ಟು, ನನಗೆ ಫೋನ್ ಮಾಡಿ, ನಾನು ಬರುವ ಮುಂಚೆ ಹೊರಟುಹೋಗಿದ್ದರು. ಒಬ್ಬರೂ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನೀರಿಲ್ಲದೆ ಮೈಯ ಮಾಂಸವೇ ಕರಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಕಟ್ಟಿಕೊಂಡಿದೆ ಅಂದರು ಡಾಕ್ಟರು. ಉಚ್ಚೆ ಇಳಿದರೆ ಬದುಕಿಕೊಂಡಂತೆ, ಇಳಿಯದಿದ್ದರೆ ಮೆಷಿನ್ ಹಾಕಬೇಕು ಅಂದರು.

ನೀನು ನಿಮ್ಮಮ್ಮನಿಗೆ ಬರೆದದ್ದನ್ನು ಅವಳು ಇಲ್ಲಿಗೆ ಬರುವಾಗ ಕೃಷ್ಣಪ್ಪನ ಟೆಂಪೋದಲ್ಲಿ ನನ್ನ ಕೈಗೆ ಕೊಟ್ಟಳು. ಓದಿದೆ. ಎಡಕ್ಕೆ, ಬಲಕ್ಕೆ ಅಂದರಂತಲ್ಲ, ಟೀ ಕುಡಿಯುತ್ತಾ. ಸಂತೆಯಲ್ಲಿ ಹೋರಿಯ ಹಲ್ಲು ನೋಡುವವನು ಕೂಡ ಅದರ ಬೆನ್ನು ಸವರಿ ನೋಡುತ್ತಾನೆ. ಥೂ. ನನಗೆ ಎರಡು ತಿಂಗಳಿನಿಂದ ಅಸಹ್ಯವಾಗಿದ್ದು ನಿನ್ನ ಮೇಲೆ. ಆಗಬೇಕಾಗಿದ್ದದ್ದು ಯಾರ ಮೇಲೆ ಅಂತ ಟೆಂಪೋದಲ್ಲಿ ಗೊತ್ತಾಯಿತು.

ನಿನ್ನೆ ನರ್ಸಮ್ಮ ಹೊರಗೆ ಬಂದು, "ಚಿರಂಜೀವಿ ಕಡೆಯವರು ಯಾರು?" ಅಂತ ಕೂಗಿದಳು. ನಿನಗೆ ಹೊಟ್ಟೆ ಕೆಟ್ಟು ಹಾಸಿಗೆಯಲ್ಲೇ ಆಗುತ್ತಿದೆ, ದೊಡ್ಡವರ ಡೈಪರ್ ತನ್ನಿ ಅಂದಳು. ಕೆಳಗಿನ ಮೆಡಿಕಲ್ ಶಾಪಿಗೆ ಹೋದೆ.

"ಪೇಷಂಟ್ ಸೊಂಟದ ಸೈಜ್ ಎಷ್ಟು ಸಾರ್?" ಅಂದ ಅಂಗಡಿಯವನು.

ಗೊತ್ತಿಲ್ಲ ಅಂದೆ.

"ಆಳು ಹೆಂಗಿದಾರೆ?"

ಆ ಕ್ಷಣಕ್ಕೆ ನನ್ನ ಕಣ್ಣಿಗೆ ಬಂದದ್ದು ಮಹಡಿಯ ಮೇಲಿನವನು. "ದೊಡ್ಡ ಆಳಪ್ಪ, ಭಾರಿ ಆಳು" ಅಂದೆ. ಅವನು ಇರುವುದರಲ್ಲೇ ದೊಡ್ಡದು ಕೊಟ್ಟ.

ನರ್ಸಮ್ಮನಿಗೆ ಸಹಾಯಕ್ಕೆ ಯಾರೂ ಇರಲಿಲ್ಲ, ನೀವೇ ಸ್ವಲ್ಪ ಎತ್ತಿಕೊಳ್ಳಿ ಅಂಕಲ್ ಅಂದಳು. ಬೆನ್ನ ಕೆಳಗೆ ಕೈ ಕೊಟ್ಟು ಎತ್ತಿದೆ. ನಿನ್ನಲ್ಲಿ ಭಾರವೇ ಇಲ್ಲ. ಅವಳು ಒರೆಸಿದಳು, ಆಮೇಲೆ ನಾನೂ ಒರೆಸಿದೆ. ನನ್ನ ಕೈಗೆಲ್ಲ ಆಯಿತು, ವಾಸನೆ ಬಂತು. ನನಗೆ ಒಂದಿಷ್ಟೂ ಅಸಹ್ಯ ಆಗಲಿಲ್ಲ ಕಣೋ. ನೀನು ಮುಖ ಆ ಕಡೆ ತಿರುಗಿಸಿಕೊಂಡೆ. ತಿರುಗಿಸಿಕೊಳ್ಳಬೇಡ.

ಡೈಪರ್ ಕಟ್ಟಿದರೆ ಎರಡೂ ಕಡೆ ಜಾರಿ ಬಿತ್ತು. ಅಂಟು ಎಲ್ಲಿಗೆ ಎಳೆದರೂ ನಿಲ್ಲಲಿಲ್ಲ. "ಇದು ಆಗಲ್ಲ ಅಂಕಲ್," ಅಂದಳು ಆಕೆ. "ಸ್ಮಾಲ್ ತನ್ನಿ."

ತುಮಕೂರು ರೋಡಿನಲ್ಲಿ ಹೋಗಿಬರುವ ಲೋಕವೆಲ್ಲ ನಿನ್ನ ಸೊಂಟ ನೋಡಿದೆ. ಅದು ಎಷ್ಟಿದೆ ಅಂತ ನಿನ್ನ ಅಪ್ಪನಿಗೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆಯಿಂದ ಚೀಲಕ್ಕೆ ಸ್ವಲ್ಪ ಸ್ವಲ್ಪ ಉಚ್ಚೆ ಇಳಿಯುತ್ತಿದೆ. ಬಣ್ಣ ಇನ್ನೂ ಕಪ್ಪೇ, ಆದರೂ ಇಳಿಯುತ್ತಿದೆ. ನಿಮ್ಮಮ್ಮ ಗಾಜಿನ ಆಚೆಯಿಂದ ಅದನ್ನೇ ನೋಡುತ್ತಾ ನಿಂತಿದ್ದಾಳೆ, ಕರೆದರೂ ಬರುತ್ತಿಲ್ಲ. ಕೆಳಗಿನ ಅಂಗಡಿಯಲ್ಲಿ ಸ್ಮಾಲ್ ಇಲ್ಲವಂತೆ. ಸಿಗ್ನಲ್ ದಾಟಿದರೆ ಇನ್ನೊಂದು ಅಂಗಡಿ ಇದೆಯಂತೆ. ಹೋಗಿ ತರುತ್ತೇನೆ.

ನಿನ್ನ
ಅಪ್ಪ